121 ಸೋಲಾದ ಮೇಲೆ ವೈಟ್ ಸಾಕ್ಸ್ ಮೈದಾನ: ಟಿಕೆಟ್ ದುಡ್ಡಿಗೆ ಮೋಸ ಇಲ್ಲ

ಶಿಕಾಗೋದಲ್ಲಿ ಬೇಸ್‌ಬಾಲ್ ನೋಡಬೇಕು ಅಂದರೆ ಎಲ್ಲರೂ ಊರಿನ ಇನ್ನೊಂದು ತಂಡ ಕಬ್ಸ್ ಆಡುವ ರಿಗ್ಲಿ ಫೀಲ್ಡ್ ಅನ್ನುತ್ತಾರೆ. ಊರಿಂದ ಬಂದವರನ್ನು ಅಲ್ಲಿಗೇ ಕರೆದುಕೊಂಡು ಹೋಗಿ ಫೋಟೋ ತೆಗೆಸಿ ಕಳಿಸುತ್ತಾರೆ. ನಾನು ಹೇಳುವುದು ಬೇರೆ. ಅದೇ ರೆಡ್ ಲೈನ್ ರೈಲನ್ನು ಉಲ್ಟಾ ದಿಕ್ಕಿಗೆ ಹತ್ತಿ. 35ನೇ ಬೀದಿಯಲ್ಲಿ ಇಳಿದು ರೇಟ್ ಫೀಲ್ಡ್‌ಗೆ ಹೋಗಿ. ಅಲ್ಲಿ ಆಡುವ ವೈಟ್ ಸಾಕ್ಸ್ ತಂಡ 2024ರಲ್ಲಿ 162 ಮ್ಯಾಚ್ ಆಡಿ 121 ಸೋತಿತು. 1900ರಿಂದೀಚೆಗೆ ಒಂದೇ ಸೀಸನ್‌ನಲ್ಲಿ ಅಷ್ಟು ಸೋತ ತಂಡ ಇನ್ನೊಂದಿಲ್ಲ. ಅಂಥ ತಂಡದ ಮ್ಯಾಚ್‌ಗೆ ದುಡ್ಡು ಕೊಟ್ಟು ಹೋಗಬೇಕಾ ಅಂತ ಕೇಳಿದರೆ, ಹೌದು, ಈಗಲೇ ಹೋಗಿ ಅನ್ನುತ್ತೇನೆ.

ನಾನು ಈ ಕಡೆಯವಳಾಗಿದ್ದು ಪ್ರೀತಿಯಿಂದೇನೂ ಅಲ್ಲ, ಬಾಡಿಗೆ ರೂಮಿನಿಂದ. ಎಂ.ಎಸ್. ಓದಿದ್ದು ಇಲಿನಾಯ್ ಟೆಕ್‌ನಲ್ಲಿ. ಅದಕ್ಕೂ ಇಲ್ಲಿ ಐಐಟಿ ಅಂತಲೇ ಕರೆಯುತ್ತಾರೆ. ಹಾಸನದಲ್ಲಿ ನಮ್ಮಪ್ಪ ಸ್ವಲ್ಪ ದಿನ ಆ ಗೊಂದಲವನ್ನು ಹಾಗೇ ಇಟ್ಟುಕೊಂಡು ಖುಷಿಪಟ್ಟಿದ್ದರು. ಕಾಲೇಜು ಹೈವೇಯ ಆ ಕಡೆ, ಮೈದಾನ ಈ ಕಡೆ. ರಾತ್ರಿ ಅಸೈನ್‌ಮೆಂಟ್ ಮಾಡುತ್ತಾ ಕೂತಾಗ ಕಿಟಕಿ ಆಚೆ ಪಟಾಕಿ ಸದ್ದಾದರೆ ಯಾರೋ ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದರು ಅಂತ ಲೆಕ್ಕ. ಹೀಗೆ ಕಿವಿಗೆ ಬಿದ್ದ ತಂಡವೇ ನಮ್ಮ ತಂಡ ಆಯಿತು. ಈಗ ಮನೆ ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ. ಸುತ್ತಮುತ್ತ ಇರುವ ಕನ್ನಡದವರಲ್ಲಿ ಮುಕ್ಕಾಲು ಪಾಲು ಕಬ್ಸ್ ಕಡೆ, ಉಳಿದವರು ಐಪಿಎಲ್ ಬಿಟ್ಟರೆ ಬೇರೇನೂ ನೋಡದವರು.

ಕ್ರಿಕೆಟ್ ನೋಡಿ ಬೆಳೆದವರಿಗೆ ಈ ಸೋಲಿನ ಅಳತೆ ಸುಲಭಕ್ಕೆ ಗೊತ್ತಾಗುವುದಿಲ್ಲ. ಬೇಸ್‌ಬಾಲ್ ತಂಡ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚುಕಮ್ಮಿ ದಿನಾ ಆಡುತ್ತದೆ. ಇಷ್ಟು ಮ್ಯಾಚ್ ಇರುವುದರಿಂದ ಎಂಥ ಕೆಟ್ಟ ತಂಡವೂ ಮೂರಕ್ಕೆ ಒಂದು ಗೆದ್ದೇ ಗೆಲ್ಲುತ್ತದೆ ಅನ್ನುವುದು ಇಲ್ಲಿಯವರ ಲೆಕ್ಕ. 100 ಸೋತರೆ ಮಾನ ಹೋಯಿತು ಅಂತ ಅರ್ಥ. ವೈಟ್ ಸಾಕ್ಸ್ ಆ ಲೆಕ್ಕವನ್ನೂ ಕೆಡಿಸಿತು. ಗೆದ್ದಿದ್ದು 41. ಸೀಸನ್ ಶುರುವಿನ 25 ಮ್ಯಾಚಲ್ಲಿ ಗೆದ್ದಿದ್ದು ಮೂರು. ಮೇ 22ರಿಂದ ಜೂನ್ 6ರವರೆಗೆ ಸತತ 14 ಸೋಲು. ಅದು ಸಾಲದು ಅಂತ ಜುಲೈ 10ರಿಂದ ಆಗಸ್ಟ್ 5ರವರೆಗೆ ಸತತ 21. ವೈಟ್ ಸಾಕ್ಸ್ ಆಡುವ ಅಮೆರಿಕನ್ ಲೀಗ್‌ನಲ್ಲಿ (ಎರಡು ದೊಡ್ಡ ಲೀಗ್‌ಗಳಲ್ಲಿ ಒಂದು) 1988ರಲ್ಲಿ ಬಾಲ್ಟಿಮೋರ್ ಒರಿಯೋಲ್ಸ್ ಮಾತ್ರ ಅಷ್ಟು ಸೋತಿತ್ತು, ಅದೂ ಸೀಸನ್ನಿನ ಮೊದಲ ದಿನದಿಂದಲೇ.

ಆರ್‌ಸಿಬಿಯವರಿಗೆ ಸೋಲು ಹೊಸದಾ ಅಂತ ಗೆಳೆಯರು ಕಾಲೆಳೆಯುತ್ತಾರೆ. ಅದು ಬೇರೆ, ಇದು ಬೇರೆ. ಆರ್‌ಸಿಬಿ 17 ಸೀಸನ್ ಆಸೆ ಹುಟ್ಟಿಸಿ ಕೊನೆಗೆ ಕೈ ಕೊಡುತ್ತಿತ್ತು. 2024ರ ವೈಟ್ ಸಾಕ್ಸ್ ಆಸೆ ಹುಟ್ಟಿಸುವ ಗೋಜಿಗೇ ಹೋಗಲಿಲ್ಲ.

ಆ 21 ಸೋಲಿನ ಮಧ್ಯೆ, ಜುಲೈ ಕೊನೆಯಲ್ಲಿ, ಸಿಯಾಟಲ್ ತಂಡ ಬಂದಾಗ ನಾನೂ ಹೋಗಿದ್ದೆ. ಟಿಕೆಟ್ ಕಡಲೆಕಾಯಿ ರೇಟಿಗೆ ಸಿಗುತ್ತಿತ್ತು. ಎಲ್ಲಿ ನೋಡಿದರೂ ಹಸಿರು ಕುರ್ಚಿ ಖಾಲಿ. ಯಾರೋ ಒಬ್ಬರು 'ತಂಡ ಮಾರಿ' ಅಂತ ಶುರು ಮಾಡಿದರೆ ಸಾಕು, ಇಡೀ ಸ್ಟ್ಯಾಂಡ್ ಸೇರಿಕೊಳ್ಳುತ್ತಿತ್ತು. ಅದು ಮಾಲೀಕ ಜೆರಿ ರೈನ್ಸ್‌ಡಾರ್ಫ್‌ಗೆ. 1981ರಿಂದ ಮಾಲೀಕರು ಅವರೇ, ಬಾಸ್ಕೆಟ್‌ಬಾಲ್‌ನ ಬುಲ್ಸ್ ಕೂಡ ಅವರದ್ದೇ. ಆಟಗಾರರ ಮೇಲೆ ಯಾರೂ ಕೂಗಾಡುತ್ತಿರಲಿಲ್ಲ. ಪಾಪ, ಅವರ ಮುಖ ನೋಡಿದರೆ ಬೈಯೋಕೂ ಮನಸ್ಸು ಬರುತ್ತಿರಲಿಲ್ಲ. ಆಗಸ್ಟ್ 6ಕ್ಕೆ ಓಕ್ಲೆಂಡ್‌ನಲ್ಲಿ 5-1ರಿಂದ ಗೆದ್ದರು. ಎರಡು ದಿನ ಬಿಟ್ಟು ಮ್ಯಾನೇಜರ್ (ಅಂದರೆ ಮುಖ್ಯ ಕೋಚ್) ಪೆಡ್ರೋ ಗ್ರಿಫೋಲ್ ಅವರನ್ನು ಮನೆಗೆ ಕಳಿಸಿದರು. ಗೆದ್ದ ವಾರವೇ ಕೆಲಸ ಹೋಗುವುದು ಅಂದರೆ ಇದೇ.

ಈಗ ರಿಪೇರಿ ವಿಷಯಕ್ಕೆ ಬರುತ್ತೇನೆ. ಆಟಗಾರರನ್ನು ತರುವ, ಕಳಿಸುವ ಹೊಣೆ ಇರುವ ಜನರಲ್ ಮ್ಯಾನೇಜರ್ ಕ್ರಿಸ್ ಗೆಟ್ಜ್ ಇದ್ದಬದ್ದ ಒಳ್ಳೆ ಸಾಮಾನೆಲ್ಲ ಮಾರಿದರು. ಪಿಚರ್ (ನಮ್ಮ ಬೌಲರ್ ಇದ್ದ ಹಾಗೆ) ಡಿಲನ್ ಸೀಸ್ 2024ರ ಮಾರ್ಚ್‌ನಲ್ಲೇ ಸ್ಯಾನ್ ಡಿಯಾಗೋಗೆ ಹೋದರು. ಆ ಹಾಳು ವರ್ಷದಲ್ಲೂ ಮಿಂಚಿದ ಎಡಗೈ ಪಿಚರ್ ಗ್ಯಾರೆಟ್ ಕ್ರೋಶೆ ಡಿಸೆಂಬರ್‌ನಲ್ಲಿ ಬಾಸ್ಟನ್‌ಗೆ. ಅವರಿಗೆ ಬದಲಾಗಿ ನಾಲ್ಕು ಜನ ಎಳೆಯರು ಬಂದರು. ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ) ಕೈಲ್ ಟೀಲ್, ಚೇಸ್ ಮೈಡ್ರಾತ್ ಆ ಗುಂಪಿನವರೇ. ಆಗ ನಾನು ಚೆನ್ನಾಗಿ ಬೈದಿದ್ದೆ. ಈಗಲೂ ಕ್ರೋಶೆ ಬಾಸ್ಟನ್ ಅಂಗಿಯಲ್ಲಿ ಬೌಲ್ ಮಾಡುವುದನ್ನು (ಕ್ಷಮಿಸಿ, ಪಿಚ್ ಮಾಡುವುದನ್ನು) ನೋಡಿದರೆ ಹೊಟ್ಟೆ ಉರಿಯುತ್ತದೆ.

ಹೊಸ ಮ್ಯಾನೇಜರ್ ವಿಲ್ ವೆನಬಲ್. 2025ರ ಮೊದಲ ದಿನ, ಮಾರ್ಚ್ 27ಕ್ಕೆ, ಇದೇ ಮೈದಾನದಲ್ಲಿ ಏಂಜಲ್ಸ್ ತಂಡದ ವಿರುದ್ಧ 8-1 ಗೆಲುವು. ಶಾನ್ ಬರ್ಕ್ ಆರು ಇನಿಂಗ್ಸ್ ಒಂದೂ ರನ್ ಕೊಡಲಿಲ್ಲ. ಸೀಸನ್ ಕೊನೆಗೆ 60 ಗೆಲುವು, 102 ಸೋಲು. ಏನಿದು, ಇದನ್ನೂ ಚೇತರಿಕೆ ಅಂತಾರಾ ಅನ್ನಬಹುದು. ಸತತ ಮೂರನೇ ವರ್ಷ ನೂರರ ಮೇಲೆ ಸೋಲು, ಸುಳ್ಳಲ್ಲ. ಆದರೆ ಹಿಂದಿನ ವರ್ಷಕ್ಕಿಂತ 19 ಗೆಲುವು ಜಾಸ್ತಿ. ಅದಕ್ಕಿಂತ ಮುಖ್ಯ, ಸೋತ ರೀತಿ ಬದಲಾಯಿತು. ಬೇಸ್‌ಬಾಲ್ ಮ್ಯಾಚ್‌ಗೆ ಒಂಬತ್ತು ಇನಿಂಗ್ಸ್, 2024ರಲ್ಲಿ ನಾಲ್ಕನೇ ಇನಿಂಗ್ಸ್‌ಗೆ ಮ್ಯಾಚ್ ಮುಗಿದ ಹಾಗೆ ಕಾಣುತ್ತಿತ್ತು. 2025ರಲ್ಲಿ ಒಂದೇ ರನ್‌ನಿಂದ ಕೈ ಜಾರಿದ ಮ್ಯಾಚ್‌ಗಳು ಬಹಳ. ದುಡ್ಡು ಕೊಟ್ಟು ಕೂತವರಿಗೆ ಇದು ದೊಡ್ಡ ವ್ಯತ್ಯಾಸ. ಒಂಬತ್ತನೇ ಇನಿಂಗ್ಸ್‌ವರೆಗೆ ಕಾರ್ ಕೀ ಕೈಗೆತ್ತಿಕೊಳ್ಳಬೇಕು ಅನ್ನಿಸುವುದಿಲ್ಲ.

ಎಳೆಯರಲ್ಲಿ ನೋಡಲೇಬೇಕಾದವರು ಕೋಲ್ಸನ್ ಮಾಂಟ್ಗೊಮೆರಿ. 2021ರಲ್ಲಿ ಹೊಸಬರ ಆಯ್ಕೆಯ ಮೊದಲ ಸುತ್ತಿನಲ್ಲೇ ಆರಿಸಿಕೊಂಡ ಹುಡುಗ. 2025ರ ಏಪ್ರಿಲ್‌ನಲ್ಲಿ ಆಟ ಎಷ್ಟು ಕೆಟ್ಟಿತ್ತು ಅಂದರೆ, ಕೆಳಗಿನ ಲೀಗ್‌ನಿಂದಲೂ ಬಿಡಿಸಿ ಅರಿಜೋನಾಗೆ ಕಳಿಸಿ, ಬ್ಯಾಟ್ ಬೀಸುವುದನ್ನು ಮೊದಲಿಂದ ಹೇಳಿಕೊಟ್ಟರು. ಜುಲೈ 4ಕ್ಕೆ ದೊಡ್ಡ ತಂಡಕ್ಕೆ ಬಂದರು. ಅರ್ಧ ಸೀಸನ್ ಕೂಡ ಸಿಗಲಿಲ್ಲ, 21 ಹೋಮ್ ರನ್ ಹೊಡೆದರು. ಆಗಸ್ಟ್‌ನಲ್ಲಿ ಅಪ್ಪನನ್ನು ಕರೆದುಕೊಂಡು ಹೋದಾಗ ಮ್ಯಾಚ್‌ಗೆ ಮುಂಚಿನ ಪ್ರಾಕ್ಟೀಸ್ ನೋಡೋಕೆ ಬೇಗ ಹೋಗಿ ಮೂರನೇ ಬೇಸ್ ಕಡೆ ಬೇಲಿ ಹತ್ತಿರ ನಿಂತಿದ್ದೆವು. ಮಾಂಟ್ಗೊಮೆರಿ ಎತ್ತರದ ಆಳು, ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ಜಾಗಕ್ಕೆ ಸಾಮಾನ್ಯವಾಗಿ ಇರುವವರಿಗಿಂತ ಉದ್ದ. ಕೋಚ್ ನೆಲಕ್ಕೆ ಹೊಡೆದ ಚೆಂಡು ಬರುತ್ತಿದ್ದ ಹಾಗೆ ಎರಡು ಪುಟ್ಟ ಹೆಜ್ಜೆ, ಮೊಣಕಾಲು ಬಗ್ಗಿಸಿ ಗ್ಲೌಸ್ ನೆಲಕ್ಕೆ ತಾಗಿಸಿ, ಚೆಂಡು ಬಂದದ್ದೇ ತಡ ಕೈ ಬದಲಾಯಿಸಿ ಎಸೆತ. ಮತ್ತೆ ಅದೇ. ಮತ್ತೆ ಅದೇ. ಒಮ್ಮೆ ಚೆಂಡು ಮಣ್ಣಿನ ಅಂಚಿಗೆ ಬಡಿದು ಭುಜದವರೆಗೆ ಎಗರಿತು. ಬರಿಗೈಯಲ್ಲಿ ಹಿಡಿದು, ನಕ್ಕು, ಬೂಟಿನ ತುದಿಯಿಂದ ಆ ಜಾಗದ ಮಣ್ಣನ್ನು ಸವರಿ ಸಮ ಮಾಡಿದರು. ಅಪ್ಪ ಬೇಲಿ ಹಿಡಿದುಕೊಂಡು ನೋಡುತ್ತಲೇ ಇದ್ದರು.

"ದಿನಾ ಮ್ಯಾಚ್ ಅಂತೀಯ, ಮತ್ತೆ ಪ್ರಾಕ್ಟೀಸೂ ದಿನಾನಾ?" ಅಂದರು.

"ಹೂಂ ಅಪ್ಪ, ದಿನಾ."

"ಇಷ್ಟು ಮಾಡಿಯೂ ಸೋಲ್ತಾರಾ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಗೆಟ್ಜ್ ಹತ್ತಿರವೂ ಇರಲಿಕ್ಕಿಲ್ಲ.

ಇನ್ನೊಬ್ಬರು ಪಿಚರ್ ಶೇನ್ ಸ್ಮಿತ್. ಇವರು ಬಂದ ದಾರಿಯೇ ಮಜಾ. ರೂಲ್ 5 ಡ್ರಾಫ್ಟ್ ಅಂತ ಒಂದಿದೆ. ಬೇರೆ ತಂಡ ಕೆಳಗಿನ ಲೀಗ್‌ನಲ್ಲಿ ಇಟ್ಟುಕೊಂಡು ಮುಖ್ಯ ಪಟ್ಟಿಗೆ ಸೇರಿಸದ ಆಟಗಾರನನ್ನು ಎತ್ತಿಕೊಳ್ಳಬಹುದು. ಆದರೆ ವರ್ಷಪೂರ್ತಿ ದೊಡ್ಡ ತಂಡದಲ್ಲೇ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಹಿಂದಕ್ಕೆ ಕೊಡುವ ಮಾತು ಬರುತ್ತದೆ. ಕಪ್ ಗೆಲ್ಲಲು ಹೊರಟ ತಂಡಕ್ಕೆ ಹೀಗೆ ಜಾಗ ಖರ್ಚು ಮಾಡುವುದು ಕಷ್ಟ. ಎಲ್ಲದರಲ್ಲೂ ಕೊನೆಯಲ್ಲಿದ್ದವರಿಗೆ ಏನು ಕಷ್ಟ? ಮಿಲ್ವಾಕಿಯಿಂದ ಸ್ಮಿತ್ ಅವರನ್ನು ಎತ್ತಿಕೊಂಡು ಬಂದರು, 2025ರಲ್ಲೇ ಅವರು ಆಲ್‌ಸ್ಟಾರ್ ಆದರು, ಅಂದರೆ ಸೀಸನ್ ಮಧ್ಯದ ಆಯ್ದ ಆಟಗಾರರ ಪಂದ್ಯಕ್ಕೆ ಆಯ್ಕೆಯಾದರು. ಪ್ರತಿ ತಂಡದಿಂದ ಒಬ್ಬರಾದರೂ ಇರಲೇಬೇಕು ಅನ್ನುವ ನಿಯಮ ಇರುವುದರಿಂದ ಹಾಳೂರಿಗೆ ಉಳಿದವನೇ ಗೌಡ ಅಂತ ನಕ್ಕವರೂ ಇದ್ದರು. ಅವರ ಪಿಚಿಂಗ್ ನೋಡಿದವರು ನಗಲಿಲ್ಲ.

ಮೈದಾನದ ಬಗ್ಗೆ. 1991ರಲ್ಲಿ ಕಟ್ಟಿದ್ದು. ಆಗ ಹೆಸರು ಕಾಮಿಸ್ಕಿ ಪಾರ್ಕ್. ಆಮೇಲೆ ಮೊಬೈಲ್ ಕಂಪನಿ ಹೆಸರು ಬಂತು, ಆಮೇಲೆ ಮನೆ ಸಾಲ ಕೊಡುವ ಕಂಪನಿ ಹೆಸರು ಬಂತು, 2024ರ ಕೊನೆಗೆ ಅದೇ ಹೆಸರನ್ನು ಚಿಕ್ಕದು ಮಾಡಿ ರೇಟ್ ಫೀಲ್ಡ್ ಅಂದರು. ಹಳಬರು ಈಗಲೂ ಸಾಕ್ಸ್ ಪಾರ್ಕ್ ಅಂತಲೇ ಅನ್ನುವುದು. ಇದನ್ನು ಕಟ್ಟಿಸಿಕೊಂಡ ಕಥೆಯೂ ಕಮ್ಮಿ ಇಲ್ಲ. 1988ರಲ್ಲಿ ಹೊಸ ಮೈದಾನ ಕೊಡದಿದ್ದರೆ ಫ್ಲಾರಿಡಾಗೆ ಹೋಗುತ್ತೇವೆ ಅಂತ ತಂಡ ಹೆದರಿಸಿತು. ಜೂನ್ 30ರ ಮಧ್ಯರಾತ್ರಿ ಗಡುವು. ವಿಧಾನಸಭೆಯಲ್ಲಿ ಗಡಿಯಾರ ನಿಲ್ಲಿಸಿ, ಹನ್ನೆರಡು ಹೊಡೆದ ಮೇಲೆ ಮಸೂದೆ ಪಾಸ್ ಮಾಡಿದರು. ನಮ್ಮ ಕಡೆ ರಾಜಕಾರಣಿಗಳಿಗೆ ಇದು ಗೊತ್ತಿಲ್ಲದಿರುವುದೇ ಒಳ್ಳೆಯದು. ಕಟ್ಟಿದ್ದು ಸರ್ಕಾರಿ ದುಡ್ಡಲ್ಲಿ, ಕರಾರು 2029ರವರೆಗೆ, ಈಗ ಮತ್ತೆ ಹೊಸದು ಬೇಕು ಅನ್ನುವ ಮಾತು ಶುರುವಾಗಿದೆ.

ಪಾಪ, ಇದರ ಗ್ರಹಚಾರವೂ ಕೆಟ್ಟಿತ್ತು. ಇದು ತೆರೆದ ಮರುವರ್ಷವೇ, 1992ರಲ್ಲಿ, ಬಾಲ್ಟಿಮೋರ್‌ನಲ್ಲಿ ಕ್ಯಾಮ್ಡೆನ್ ಯಾರ್ಡ್ಸ್ ತೆರೆಯಿತು. ಹಳೇ ಇಟ್ಟಿಗೆ ಕಟ್ಟಡದ ಪಕ್ಕ ಹಳೇ ಕಾಲದ ಹಾಗೆ ಕಟ್ಟಿದ ಆ ಮೈದಾನ ನೋಡಿ ಎಲ್ಲರೂ ಮರುಳಾದರು. ಇದು ಒಂದೇ ವರ್ಷಕ್ಕೆ ಔಟ್ ಆಫ್ ಫ್ಯಾಷನ್. ಮೇಲಿನ ಅಂತಸ್ತು ಕಡಿದಾಗಿದೆ ಅಂತ ಮೊದಲ ದಿನದಿಂದ ದೂರು. 2004ರ ಹೊತ್ತಿಗೆ ಮೇಲಿನ ಎಂಟು ಸಾಲು ಕಿತ್ತುಹಾಕಿ ಚಾವಣಿ ಹಾಕಿದರು. ಈಗಲೂ ಮಂಡಿ ನೋವು ಇರುವವರನ್ನು 500ರ ಸಾಲಿನ ಸೆಕ್ಷನ್‌ಗಳಿಗೆ ಕರೆದುಕೊಂಡು ಹೋಗಬೇಡಿ. ಇಳಿಯುವಾಗ ಕಂಬಿ ಹಿಡಿದೇ ಇಳಿಯಬೇಕು. ಇನ್ನೊಂದು ಬೇಜಾರು, ಕೂತ ಜಾಗದಿಂದ ಶಿಕಾಗೋದ ಗಗನಚುಂಬಿ ಕಟ್ಟಡಗಳು ಕಾಣುವುದಿಲ್ಲ. ಮೈದಾನವನ್ನು ಆಗ್ನೇಯಕ್ಕೆ ತಿರುಗಿಸಿ ಕಟ್ಟಿದ್ದಾರೆ. ವಾಸ್ತು ನೋಡಿದರೋ ಏನೋ. ಮೇಲೆ ಹತ್ತುವ ರ‍್ಯಾಂಪ್‌ನಲ್ಲಿ ನಿಂತು ಉತ್ತರಕ್ಕೆ ತಿರುಗಿದರೆ ಇಡೀ ಊರು ಕಾಣುತ್ತದೆ. ಸಂಜೆ ಹೊತ್ತು ಅಲ್ಲಿ ಐದು ನಿಮಿಷ ನಿಲ್ಲಿ.

ಒಳ್ಳೆಯದು ಏನು ಅಂದರೆ, ಕೆಳಗಿನ ಅಂತಸ್ತಿನಲ್ಲಿ ಸುತ್ತು ಹಾಕುತ್ತಲೇ ಮ್ಯಾಚ್ ನೋಡಬಹುದು. ಮಕ್ಕಳಿರುವವರಿಗೆ ಇದು ವರ. ಔಟ್‌ಫೀಲ್ಡ್ ಕಡೆ ಹಳೇ ಆಟಗಾರರ ಪ್ರತಿಮೆಗಳಿವೆ. ಮಿನಿ ಮಿನ್ಯೋಸೋ, ಫ್ರಾಂಕ್ ಥಾಮಸ್, 2005ರಲ್ಲಿ ಕಪ್ ಗೆದ್ದ ತಂಡದ ಪಾಲ್ ಕೊನೆರ್ಕೋ. 2025ರ ಜುಲೈನಲ್ಲಿ ಮಾರ್ಕ್ ಬರ್ಲಿ ಕೂಡ ಸೇರಿದರು. ಸ್ಕೋರ್‌ಬೋರ್ಡ್ ಮೇಲೆ ಬಣ್ಣಬಣ್ಣದ ಚಕ್ರಗಳಿವೆ. ಹೋಮ್ ರನ್ ಬಿದ್ದರೆ ಅವು ತಿರುಗುತ್ತವೆ, ಹಿಂದಿಂದ ಪಟಾಕಿ. 1960ರಲ್ಲಿ ಆಗಿನ ಮಾಲೀಕ ಬಿಲ್ ವೆಕ್ ಹಳೇ ಮೈದಾನದಲ್ಲಿ ಶುರು ಮಾಡಿದ ತಮಾಷೆ ಇದು. ಆ ಹಳೇ ಮೈದಾನ ಇದ್ದದ್ದು ಬೀದಿ ಆಚೆ. ಈಗ ಅದು ಪಾರ್ಕಿಂಗ್ ಜಾಗ. ಅಲ್ಲೇ ಕಾರುಗಳ ಮಧ್ಯೆ ಹಳೇ ಹೋಮ್ ಪ್ಲೇಟ್ (ಬ್ಯಾಟ್ ಬೀಸುವವರು ನಿಲ್ಲುವ ಜಾಗ) ಇದ್ದ ಕಡೆ ಕಲ್ಲು ಹಾಕಿದ್ದಾರೆ. ಹುಡುಕಿ ನೋಡಿ. ಆ ಕಲ್ಲಿನ ಹತ್ತಿರ ನಿಂತು, ಇಲ್ಲದ ಬ್ಯಾಟ್ ಬೀಸಿ ಫೋಟೋ ತೆಗೆಸಿಕೊಳ್ಳುವ ತಾತಂದಿರು ಸಿಗುತ್ತಾರೆ.

2025ರಲ್ಲಿ ಇನ್ನೊಂದು ಹೊಸ ಆಕರ್ಷಣೆ ಸೇರಿತು. ಸೆಕ್ಷನ್ 140, ಸಾಲು 19, ಸೀಟ್ 2. ಮೇ 8ಕ್ಕೆ ಪೋಪ್ ಆಗಿ ಆಯ್ಕೆಯಾದ 14ನೇ ಲಿಯೋ ಶಿಕಾಗೋದವರು, ವೈಟ್ ಸಾಕ್ಸ್ ಅಭಿಮಾನಿ. 2005ರ ವರ್ಲ್ಡ್ ಸೀರೀಸ್ (ಕಪ್ ತೀರ್ಮಾನವಾಗುವ ಫೈನಲ್ ಸರಣಿ) ಮೊದಲ ಮ್ಯಾಚ್‌ನಲ್ಲಿ ಅವರು ಅದೇ ಸೀಟಲ್ಲಿ ಕೂತಿದ್ದು ಟಿವಿ ದೃಶ್ಯದಲ್ಲಿ ಸಿಕ್ಕಿತು. ಈಗ ಹತ್ತಿರದ ಕಂಬದ ಮೇಲೆ ಅವರ ಚಿತ್ರ ಇದೆ, ಮುಂದೆ ಜನ ಸೆಲ್ಫಿಗೆ ನಿಂತಿರುತ್ತಾರೆ. ಅಪ್ಪನಿಗೆ ವಿಷಯ ಹೇಳಿದೆ. "ಇವರಿಗೆ ದೇವರೇ ಗತಿ ಅಂತ ಆಯ್ತು ಬಿಡು" ಅಂದರು. ಪಕ್ಕದಲ್ಲಿದ್ದ ಮೆಕ್ಸಿಕನ್ ಅಜ್ಜಿಗೆ ಅದನ್ನು ಅನುವಾದ ಮಾಡಿ ಹೇಳಿದರೆ, ಆಕೆ ನಕ್ಕು ಶಿಲುಬೆ ಗುರುತು ಮಾಡಿಕೊಂಡರು.

ಊಟ. ಸಸ್ಯಾಹಾರಿಗಳು ಗಾಬರಿಯಾಗಬೇಡಿ. ಒಳಗೆ ಕಾಲಿಟ್ಟ ಕೂಡಲೇ ಸಾಸೇಜ್ ಜೊತೆ ಹುರಿಯುವ ಈರುಳ್ಳಿ ವಾಸನೆ ಮೂಗಿಗೆ ಬಡಿಯುತ್ತದೆ. ಅದನ್ನು ದಾಟಿಕೊಂಡು ಎಲೋಟೆ ಅಂಗಡಿ ಹುಡುಕಿ. ಈ ಮೈದಾನದ ಹೆಸರುವಾಸಿ ತಿಂಡಿ ಅದೇ. ಜೋಳದ ತೆನೆಯಿಂದ ಕಾಳನ್ನು ಚಾಕುವಿನಲ್ಲಿ ಕೆರೆದು ಕಪ್‌ಗೆ ಹಾಕಿ, ಬೆಣ್ಣೆ, ಮೇಯೊನೀಸ್, ಚೀಸ್, ಖಾರದ ಪುಡಿ, ನಿಂಬೆ ರಸ ಸೇರಿಸಿ ಕೊಡುತ್ತಾರೆ. ಮಳೆಗಾಲದಲ್ಲಿ ರಸ್ತೆ ಬದಿ ನಿಂಬೆಹಣ್ಣು ಉಜ್ಜಿ ಕೊಡುವ ಮುಸುಕಿನ ಜೋಳದ ಶ್ರೀಮಂತ ಅಣ್ಣ ಅನ್ನಬಹುದು. ಮೊಟ್ಟೆ ತಿನ್ನದವರು ಮೇಯೊನೀಸ್ ಬೇಡ ಅಂತ ಮೊದಲೇ ಹೇಳಿ. ಖಾರದ ಪುಡಿ ಜಾಸ್ತಿ ಹಾಕಿಸಿಕೊಳ್ಳಿ, ಅವರ ಖಾರ ನಮಗೆ ಲೆಕ್ಕಕ್ಕಿಲ್ಲ. ಅಪ್ಪ ಎರಡನೇ ಕಪ್ ಕೇಳಿದರು. ಮೊದಲನೆಯದರ ಬೆಲೆ ನಾನು ಹೇಳಿರಲಿಲ್ಲ.

ಸಿಹಿಗೆ ಪ್ಲಾಸ್ಟಿಕ್ ಹೆಲ್ಮೆಟ್‌ನಲ್ಲಿ ಐಸ್‌ಕ್ರೀಮ್ ಸಿಗುತ್ತದೆ. ಹೆಲ್ಮೆಟ್ ತೊಳೆದು ಮನೆಗೆ ತರಬಹುದು, ನಮ್ಮಲ್ಲಿ ಅದರಲ್ಲಿ ಈಗ ಬೆಳ್ಳುಳ್ಳಿ ಇದೆ. 2024ರಲ್ಲಿ ಕ್ಯಾಂಪ್‌ಫೈರ್ ಮಿಲ್ಕ್‌ಶೇಕ್ ಅಂತ ಒಂದು ಬಂತು. ಚಾಕಲೇಟ್ ಶೇಕ್ ಮೇಲೆ ಸುಟ್ಟ ಮಾರ್ಷ್‌ಮೆಲೋ. ಆ ವರ್ಷ ತಂಡಕ್ಕಿಂತ ಅದೇ ಹೆಸರು ಮಾಡಿತು. ಶುದ್ಧ ಸಸ್ಯಾಹಾರಿಗಳಿಗೆ ಒಂದು ಮಾತು: ಮಾರ್ಷ್‌ಮೆಲೋದಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತದೆ, ಅಂದರೆ ಪ್ರಾಣಿಯದ್ದು. ಅದು ತಿಳಿಯದೇ ಕುಡಿದವರು ನಮ್ಮ ಬಳಗದಲ್ಲೇ ಇದ್ದಾರೆ, ಹೆಸರು ಹೇಳುವುದಿಲ್ಲ.

ಹೋಗುವುದು ಸುಲಭ. ನೇಪರ್‌ವಿಲ್ ಕಡೆಯವರು ಮೆಟ್ರಾದಲ್ಲಿ (ಉಪನಗರ ರೈಲು) ಯೂನಿಯನ್ ಸ್ಟೇಷನ್, ಅಲ್ಲಿಂದ ಜ್ಯಾಕ್ಸನ್‌ವರೆಗೆ ನಡೆದು ರೆಡ್ ಲೈನ್. 2025ರಲ್ಲಿ ಎರಡೂವರೆ ಡಾಲರ್ ಇತ್ತು. ಚೈನಾಟೌನ್ ಆದ ಮೇಲಿನ ಸ್ಟೇಷನ್ನೇ ಇದು. ಹೈವೇ ಮಧ್ಯೆ ಇಳಿದು ಮೇಲೆ ಹತ್ತಿ ಪಶ್ಚಿಮಕ್ಕೆ ನಡೆದರೆ ಮೈದಾನ ಎದುರಿಗೇ. ಕಾರಲ್ಲಿ ಹೋದರೆ ಪಾರ್ಕಿಂಗ್ ದುಡ್ಡು ಟಿಕೆಟ್ ದುಡ್ಡನ್ನು ಮೀರಿಸುವ ದಿನಗಳೂ ಇವೆ. ರಾತ್ರಿ ವಾಪಸ್ ಮೆಟ್ರಾ ಟೈಮ್ ಮೊದಲೇ ನೋಡಿಟ್ಟುಕೊಳ್ಳಿ, ತಡವಾದ ಮೇಲೆ ರೈಲು ಬಹಳ ಕಮ್ಮಿ.

ಟಿಕೆಟ್ ಬಗ್ಗೆ ನನ್ನ ಜಗಳ ಬೇರೆಯವರ ಜೊತೆ. ಮರುಮಾರಾಟದ ಒಂದು ಆ್ಯಪ್‌ನಲ್ಲಿ ಚಂದದ ಬೆಲೆ ತೋರಿಸಿ, ಕೊನೆಯ ಪುಟದಲ್ಲಿ ಆ ಶುಲ್ಕ ಈ ಶುಲ್ಕ ಅಂತ ಸೇರಿಸಿ ಹತ್ತಿರ ಹತ್ತಿರ ಒಂದೂವರೆ ಪಟ್ಟು ಮಾಡಿದ್ದರು. ಶುಲ್ಕ ಸೇರಿಸಿದ ಬೆಲೆಯನ್ನೇ ಮೊದಲಿಂದ ನೋಡಿ ಹೋಲಿಸಿ. ವಾರದ ಮಧ್ಯದ ಮ್ಯಾಚ್, ಅದೂ ಕಬ್ಸ್ ಮತ್ತು ನ್ಯೂಯಾರ್ಕ್‌ನ ಯಾಂಕೀಸ್ ಬಿಟ್ಟು ಬೇರೆ ಯಾರಾದರೂ ಬಂದಾಗ, ಕೆಳಗಿನ ಅಂತಸ್ತೇ ಕೈಗೆಟುಕುತ್ತದೆ. ಶುಕ್ರವಾರ ಪಟಾಕಿ ಇರುತ್ತದೆ, ಜನವೂ ಜಾಸ್ತಿ. ಮನೆಯಲ್ಲೇ ನೋಡುವವರಿಗೆ ಒಂದು ಮಾತು: ತಂಡದ ಹೊಸ ಚಾನೆಲ್ ಶುರುವಾದಾಗ ಶಿಕಾಗೋ ಸುತ್ತ ಮಾಮೂಲಿ ಆಂಟೆನಾದಲ್ಲೂ ಬಿಟ್ಟಿಯಾಗಿ ಬರುತ್ತಿತ್ತು. ಅಪ್ಪ ಇದ್ದಷ್ಟು ದಿನ ನಮ್ಮ ಮನೆ ಕಿಟಕಿಗೆ ಆಂಟೆನಾ ಅಂಟಿಸಿತ್ತು.

ಅಂಕ ಕೊಡಲೇಬೇಕು ಅಂದರೆ ಮೈದಾನಕ್ಕೆ ಐದಕ್ಕೆ ನಾಲ್ಕು, ತಿಂಡಿಗೆ ನಾಲ್ಕೂವರೆ, ಮೇಲಿನ ಅಂತಸ್ತಿಗೆ ಎರಡು. ತಂಡಕ್ಕೆ 2024ರಲ್ಲಿ ಅರ್ಧ ಕೊಡುತ್ತಿದ್ದೆ, ಅದೂ ಕ್ರೋಶೆ ಮುಖ ನೋಡಿ. ಈಗ ಎರಡೂವರೆ. ಮಾಲೀಕರಿಗೆ ಅಂಕ ಕೊಡುವ ಕೆಲಸವನ್ನು ಸ್ಟ್ಯಾಂಡ್‌ನಲ್ಲಿ ಕೂಗುವವರು ಆಗಲೇ ಮಾಡಿ ಮುಗಿಸಿದ್ದಾರೆ.

ಗೆದ್ದೇ ಗೆಲ್ಲಬೇಕು ಅನ್ನುವವರು ಇನ್ನೊಂದೆರಡು ವರ್ಷ ಕಾಯಿರಿ. ಆದರೆ ಆಗ ಮೂರನೇ ಬೇಸ್ ಪಕ್ಕದ ಬೇಲಿ ಹತ್ತಿರ ನಿಲ್ಲೋಕೆ ಜಾಗ ಸಿಗುವುದಿಲ್ಲ, ಈಗಿನ ಬೆಲೆಯೂ ಇರುವುದಿಲ್ಲ. ಅಪ್ಪ ಹಾಸನಕ್ಕೆ ವಾಪಸ್ ಹೋದ ಮೇಲೂ ಬೆಳಗ್ಗೆ ಎದ್ದು ಮೊದಲು ಸ್ಕೋರ್ ನೋಡಿ, ಆಮೇಲೆ ಫೋನ್ ಮಾಡುತ್ತಿದ್ದರು. ಸೋತ ದಿನ ಮಾತು ಶುರುವಾಗುತ್ತಿದ್ದದ್ದೇ "ಆ ಉದ್ದದ ಹುಡುಗ ಹೊಡೆದ್ನಾ?" ಅಂತ.